ಹೊಸಾಕಿಯನ್ನು ಗಡಿ ದಾಟಿಸಲು

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಪುಣೆಗೆ ಹೊಸದೊಂದು ಜ್ವರ ಬಂತು. ಹಂದಿಯಿಂದ ಮನುಷ್ಯನಿಗೆ ಹತ್ತಿದ್ದು, ಮೆಕ್ಸಿಕೊ ದೇಶದ ಕಡೆಯಿಂದ ಹೊರಟದ್ದು, ವಿಮಾನ ಹತ್ತಿ ಬಂದದ್ದು ಎಂದು ಪತ್ರಿಕೆಗಳು ಬರೆದವು. ವಾಕಡದಲ್ಲಿ ಕಟ್ಟಡದ ಕೂಲಿಗಳಿದ್ದ ತಗಡಿನ ಶೆಡ್ಡುಗಳಿಗೆ ಅದು ಏನು ಹತ್ತಿ ಬಂತೆಂದು ಯಾರೂ ಬರೆಯಲಿಲ್ಲ. ಆ ಶೆಡ್ಡುಗಳಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಗುಲಬರ್ಗಾ ಜಿಲ್ಲೆಯಿಂದ ರೈಲಿನ ಜನರಲ್ ಡಬ್ಬಿಯಲ್ಲಿ ನಿಂತು ಬಂದವರು.

ಮೊದಲು ಮಲಗಿದ್ದು ಗೋಡೆ ಕಟ್ಟುವ ಗೌಂಡಿ ಭೀಮುವಿನ ಮಗಳು ಮಾಯಾ. ಅವಳಿಗೆ ಏಳು ವರ್ಷ. ಸೋಮವಾರ ಮೈ ಬಿಸಿಯಾಯಿತು, ಮಂಗಳವಾರ ಕೆಮ್ಮು ಬಂತು, ಬುಧವಾರ ಉಸಿರಾಡುವಾಗ ಪಕ್ಕೆಲುಬು ಒಳಗೆ ಹೋಗತೊಡಗಿತು. ಮಹಾನಗರಪಾಲಿಕೆಯ ದವಾಖಾನೆಯವರು ನೋಡಿ, ಗಾಡಿಯಲ್ಲಿ ಹಾಕಿ, ಸಾಂಕ್ರಾಮಿಕ ರೋಗದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಗುವಿನ ಜೊತೆ ಒಬ್ಬರೇ ಇರಬೇಕೆಂದು ನಿಯಮ. ತಾಯಿ ಶಿವಕಾಂತಾ ಒಳಗೆ ಹೋದಳು. ಭೀಮು ಆಸ್ಪತ್ರೆಯ ಗೇಟಿನ ಹೊರಗೆ ನಿಂತ. ಅವನ ತಾಯಿ ಸಕ್ಕುಬಾಯಿ ಶೆಡ್ಡಿನಲ್ಲಿ ಉಳಿದಳು.

ಅದೇ ದಿನ ಮಧ್ಯಾಹ್ನ ಪಾಲಿಕೆಯ ಆರೋಗ್ಯ ಇಲಾಖೆಯ ಕುಶಲ ಎಂಬಾತ ಫಾರ್ಮು ಹಿಡಿದು ಬಂದ. ಮೂಗಿನ ಮೇಲೆ ಹಸಿರು ಮಾಸ್ಕು, ಅದರ ಮೇಲೆ ಕರವಸ್ತ್ರ. ಅವನು ಮರಾಠಿಯಲ್ಲಿ ಕೇಳಿದ, ಸಕ್ಕುಬಾಯಿ ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

"ಮಾವಶಿ, ನಿಮ್ಮ ಮನೆಯವರು ಯಾರಾದರೂ ಇತ್ತೀಚೆಗೆ ಪರದೇಶಕ್ಕೆ ಹೋಗಿದ್ದರಾ?"

ಸಕ್ಕುಬಾಯಿ ಯೋಚಿಸಿ ಹೇಳಿದಳು. "ಹೋಗಿದ್ದೇವೆ. ಹತ್ತೊಂಬತ್ತು ವರ್ಷ ಆಯ್ತು. ಇನ್ನೂ ಇಲ್ಲೇ ಇದ್ದೇವೆ."

ಕುಶಲ ಫಾರ್ಮಿನಲ್ಲಿ 'ಇಲ್ಲ' ಎಂದು ಬರೆದ. ಒಂದೇ ಶೆಡ್ಡಿನಲ್ಲಿ ಮಲಗಿದವರು ಏಳು ದಿನ ಹೊರಗೆ ತಿರುಗಬಾರದೆಂದು ಹೇಳಿದ. ಇದನ್ನೇ ಮುಂದಿನ ಶೆಡ್ಡಿನಲ್ಲೂ ಹೇಳಿದ, ಅದರ ಮುಂದಿನದರಲ್ಲೂ ಹೇಳಿದ. ಎಲ್ಲರೂ ಹೌದು ಸಾಹೇಬ ಅಂದರು. ಅವನು ಕೊನೆಯ ಶೆಡ್ಡು ಮುಗಿಸಿ ಹೊರಳುವಷ್ಟರಲ್ಲಿ ಮೊದಲಿನ ಶೆಡ್ಡಿನವರು ಕೆಲಸಕ್ಕೆ ಹೋಗಿದ್ದರು.

ಗುರುವಾರ ಸಂಜೆ ಭೀಮು ಬಟ್ಟೆ ಬದಲಿಸಲು ಬಂದ.

"ಹ್ಯಾಂಗದಾಳೋ?"

"ಮೂಗಿಗಿ ಪೈಪ್ ಹಚ್ಯಾರ."

"ಡಾಕ್ಟರ್ ಏನಂತಾರ?"

"ನೋಡಣ ಅಂತಾರ."

ಹೊಲದವರು ಮೋಡ ನೋಡಿ 'ನೋಡೋಣ' ಅಂದರೆ ಅದರಲ್ಲಿ ಅರ್ಧ ಮಳೆ ಇರುತ್ತದೆ. ಡಾಕ್ಟರು ಅಂದರೆ ಅದರಲ್ಲಿ ಏನಿರುತ್ತದೆಂದು ಸಕ್ಕುಬಾಯಿಗೆ ತಿಳಿಯದು. ಭೀಮು ಹೋದ ಮೇಲೆ ಅವಳು ಮಾಯಾಳ ಕೌದಿಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. ಆಸ್ಪತ್ರೆಯವರು ತಮ್ಮ ಕೆಲಸ ಮಾಡುತ್ತಿದ್ದಾರೆ, ತನ್ನ ಪಾಲಿನ ಕೆಲಸ ತಾನು ಇನ್ನೂ ಮಾಡಿಲ್ಲ ಎಂದು ಅವಳಿಗೆ ಅನಿಸಿತು.

ಆ ಕೆಲಸವನ್ನು ಅವಳು ಎಂಟು ವರ್ಷದವಳಿದ್ದಾಗ ಕಣ್ಣಾರೆ ಕಂಡಿದ್ದಳು. ಊರಿಗೆ ವಾಂತಿಭೇದಿ ಬಂದಿತ್ತು. ಬಂದದ್ದು ರೋಗ ಅಲ್ಲ, ಅವ್ವ. ಅವ್ವ ಬಂದರೆ ಬೈಯಬಾರದು, ಹೊಡೆದಟ್ಟಬಾರದು. ಕಟ್ಟಿಗೆಯ ಗೊಂಬೆ ಮಾಡಿ, ಹಸಿರು ಖಣ ಉಡಿಸಿ, ಬಳೆ ತೊಡಿಸಿ, ಬೇವಿನ ಸೊಪ್ಪು ಹಾಸಿದ ಬಿದಿರಿನ ಪುಟ್ಟಿಯಲ್ಲಿ ಕೂರಿಸಿ, ಮೊಸರನ್ನದ ಬುತ್ತಿ ಕಟ್ಟಿ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಮರ್ಯಾದೆಯಿಂದ ಊರಿನ ಗಡಿ ದಾಟಿಸಬೇಕು. ಹೊತ್ತವಳು ಉಪವಾಸ ಇರಬೇಕು. ಅವಳ ಉಸಿರು ಅವ್ವನ ಮೇಲೆ ಬೀಳಬಾರದೆಂದು ಬಾಯಿ ಮೂಗು ಕಟ್ಟಿಕೊಂಡಿರಬೇಕು. ಗಡಿ ದಾಟುವವರೆಗೆ ಪುಟ್ಟಿಯನ್ನು ನೆಲಕ್ಕೆ ಇಡಬಾರದು, ಇಟ್ಟ ಮೇಲೆ ಹಿಂದಿರುಗಿ ನೋಡಬಾರದು. ಮತ್ತು ಹೆಣ್ಣು ಕೊಟ್ಟ, ಹೆಣ್ಣು ತಂದ ಊರಿನ ದಿಕ್ಕಿಗೆ ಕಳಿಸಬಾರದು. ಅವಳ ಊರಿನವರು ಅವಳ ಅಜ್ಜಿಯ ತಲೆಯ ಮೇಲೆ ಹೊರಿಸಿ ಮೂಡಣ ದಿಕ್ಕಿಗೆ ಕಳಿಸಿದ್ದರು. ಆ ಕಡೆಯ ಊರಿನೊಂದಿಗೆ ಹುಲ್ಲುಗಾವಲಿನ ಜಗಳವಿದ್ದು ಸಂಬಂಧ ಬೆಳೆದಿರಲಿಲ್ಲ, ಹಾಗಾಗಿ ಅನುಕೂಲವಾಗಿತ್ತು. ಆ ಊರಿನವರು ಹೊತ್ತು ಮುಳುಗುವುದರೊಳಗೆ ತಮ್ಮ ಗಡಿ ದಾಟಿಸಿದರಂತೆ, ಅದರ ಮುಂದಿನವರು ಭೀಮಾ ನದಿಯವರೆಗೆ ಮುಟ್ಟಿಸಿದರಂತೆ. ನದಿಯ ಆಚೆ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

ಆ ಶೆಡ್ಡುಗಳ ಮುಕಾದಮ ಅವ್ವಣ್ಣ. ಊರಿನಿಂದ ಆಳುಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವುದು ಅವನ ಕೆಲಸ. ಐವತ್ತು ದಾಟಿದವನು. ದೇವರಲ್ಲಿ ಅವನಿಗೆ ಅರ್ಧ ನಂಬಿಕೆ, ಡಾಕ್ಟರರಲ್ಲಿ ಕಾಲು, ಉಳಿದದ್ದು ನೀಲಗಿರಿ ಎಣ್ಣೆಯಲ್ಲಿ. ಅದನ್ನು ಕರವಸ್ತ್ರಕ್ಕೆ ಹಚ್ಚಿ ಮೂಸುತ್ತ ತಿರುಗುತ್ತಿದ್ದ. ಸಕ್ಕುಬಾಯಿ ಅವನನ್ನು ಕರೆದು ವಿಷಯ ಹೇಳಿದಳು.

"ಮಾಡಣ ಅಕ್ಕ," ಎಂದ ಅವ್ವಣ್ಣ. "ಖರೆ ಈಕಿ ಹೆಸರೇನು? ಹೆಸರ್ ಇಲ್ಲದ ಹ್ಯಾಂಗ ಕರೀತಿ?"

"ಪೇಪರ್‌ದಾಗ ಏನಂತಾರ?"

"ಹಂದಿ ಜ್ವರ ಅಂತಾರ."

"ಅವ್ವಗ ಹಂದಿ ಅಂತೀಯೇನೋ?"

"ನಾ ಅಲ್ಲಕ್ಕ, ಪೇಪರ್‌ದವರು. ಇನ್ನೊಂದ್ ಹೆಸರ್ ಅದ. ಎಚ್ ಒನ್ ಎನ್ ಒನ್."

ಸಕ್ಕುಬಾಯಿ ಅದನ್ನು ಎರಡು ಸಲ ಹೇಳಿಸಿ ಕೇಳಿದಳು. "ಅದು ಮೋಟಾರ್ ಗಾಡಿ ನಂಬರ್ ಇದ್ದಂಗ ಅದ," ಎಂದಳು. "ಬ್ಯಾಡ. ಹೊಸಾಕಿ ಅನ್ನಣ. ಊರಿಗಿ ಹೊಸದಾಗಿ ಬಂದ ಸೊಸಿಗೂ ಮದಲ್ ಹಂಗ ಅಂತಾರ."

ಶುಕ್ರವಾರ ಬೆಳಿಗ್ಗೆ ಹೊಸಾಕಿ ತಯಾರಾದಳು. ಸೈಟಿನ ಬಡಿಗ ಸೆಂಟ್ರಿಂಗ್ ಹಲಗೆಯ ತುಂಡಿನಲ್ಲಿ ಗೊಂಬೆ ಕೆತ್ತಿಕೊಟ್ಟ. ಬೇವಿನ ಕಟ್ಟಿಗೆ ಆಗಬೇಕಿತ್ತು, ಆದರೆ ಹಲಗೆಗೂ ಒಂದು ಕಾಲಕ್ಕೆ ಎಲೆ ಇದ್ದವಲ್ಲ ಎಂದು ಸಕ್ಕುಬಾಯಿ ಒಪ್ಪಿದಳು. ಕಾಡಿಗೆಯಿಂದ ಕಣ್ಣು ಬರೆದು, ಖಣ ಸುತ್ತಿ, ಮಾಯಾಳ ಸಣ್ಣಂದಿನ ಬಳೆಗಳನ್ನು ತೊಡಿಸಿದಳು. ನೋಡಲು ಬಂದವರೊಬ್ಬರು ಅವ್ವನಿಗೂ ಒಂದು ಮಾಸ್ಕು ಕಟ್ಟಿದರೆ ಹೇಗೆಂದರು. "ಅಂಗಡ್ಯಾಗ ನಮಗ ಸಿಗವಲ್ವು," ಎಂದ ಅವ್ವಣ್ಣ, "ಈಕಿಗಿ ಎಲ್ಲಿಂದ ತರಾದು?" ಮಾತು ಅಲ್ಲಿಗೇ ನಿಂತಿತು. ಸಕ್ಕುಬಾಯಿ ಬಿಳಿ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಬಾಯಿ ಮೂಗು ಬಿಗಿದುಕೊಂಡು, ಪುಟ್ಟಿಯನ್ನು ತಲೆಯ ಮೇಲೆ ಎತ್ತಿಕೊಂಡಳು. ಅವ್ವಣ್ಣ ಮುಂದೆ ನಡೆದ.

ಶೆಡ್ಡುಗಳ ಹಿಂದೆ ಒಂದು ನಾಲೆ. ಅದೇ ಗಡಿ ಎಂದು ಅವ್ವಣ್ಣನ ಅಂದಾಜು. ನಾಲೆಯ ಆಚೆ ಎಂಟು ಕಟ್ಟಡಗಳ ದೊಡ್ಡ ಸೊಸೈಟಿ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಗಳು.

"ಇಲ್ಲಿ ನಮ್ಮವರ್ ಯಾರೂ ಇಲ್ಲ. ಇಡು," ಎಂದ.

ಸಕ್ಕುಬಾಯಿ ಇಡಲಿಲ್ಲ. "ಶಿವಕಾಂತಾ ಎಲ್ಲಿ ಭಾಂಡಿ ತೊಳಿತಾಳ?"

"ಇಲ್ಲೇ. ಮೂರನೆ ಬಿಲ್ಡಿಂಗ್‌ನಾಗ."

"ನಿನ್ನ ಹೆಂಡ್ತಿ?"

"ಐದನೆದ್ರಾಗ."

"ಮತ್ತ ಇಲ್ಲಿಟ್ರ ಯಾರ್ ಹೊತಗೊಂಡ್ ಬರ್ತಾರ? ನಾಳಿ ಮುಂಜಾನೆ ಕಸ ಹೊಡ್ಯಾಕ ಹೋದವ್ರೇ ಸೆರಗಿನಾಗ ಕಟಗೊಂಡ್ ಬರ್ತಾರ."

ಅವ್ವಣ್ಣನಿಗೆ ಇದು ಹೊಳೆದಿರಲಿಲ್ಲ. ಇಬ್ಬರೂ ರಸ್ತೆಗೆ ಬಂದು ನಿಂತು ದಿಕ್ಕುಗಳನ್ನು ವಿಚಾರಿಸಿದರು. ಪಡುವಣಕ್ಕೆ ಹಿಂಜವಡಿ, ಅಲ್ಲಿ ಸಕ್ಕುಬಾಯಿಯ ಮೈದುನನ ಮಕ್ಕಳು ಮೂವರು ಕಾಂಕ್ರೀಟಿನ ಕೆಲಸಕ್ಕಿದ್ದರು. ಬಡಗಣಕ್ಕೆ ಅವ್ವಣ್ಣನ ಅಳಿಯ. ತೆಂಕಣಕ್ಕೆ ಅರ್ಧ ಊರೇ ಬಂದು ಕೂತಿತ್ತು. ಊರಿನಲ್ಲಿ ನಾಲ್ಕು ದಿಕ್ಕಿನಲ್ಲಿ ಒಂದಾದರೂ ಜಗಳದ ದಿಕ್ಕು ಇರುತ್ತಿತ್ತು. ಪುಣೆಯಲ್ಲಿ ಜಗಳವಾಡಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

"ಮೂಡಣ ಉಳೀತು. ಹಡಪಸರ," ಎಂದ ಅವ್ವಣ್ಣ.

"ಅಲ್ಲಿ ನಮ್ಮ ಯಂಕಿ ಅದಾಳಲ್ಲ."

ಯಂಕವ್ವ ಸಕ್ಕುಬಾಯಿಯ ಬೆನ್ನಿಗೆ ಹುಟ್ಟಿದ ತಂಗಿ. ಹಡಪಸರದ ಆಚೆ ಎಲ್ಲಿಯಾದರೂ ಖಾಲಿ ಜಾಗ ಇದೆಯೇ ಕೇಳೋಣ ಎಂದು ಅವ್ವಣ್ಣ ಮೊಬೈಲು ಹಚ್ಚಿದ. ಸಕ್ಕುಬಾಯಿಯ ಎರಡೂ ಕೈ ಪುಟ್ಟಿಯ ಮೇಲಿದ್ದುದರಿಂದ ಅವನೇ ಫೋನನ್ನು ಅವಳ ಕಿವಿಗೆ ಹಿಡಿದ.

"ಯಂಕೀ, ನಿಮ್ಮ ಹಡಪಸರದ ಆಚಿ ಮಂದಿ ಇಲ್ಲದ ಜಾಗ ಅದ ಏನ?"

"ಯಾಕಕ್ಕಾ?"

"ಸುಮ್ಮ ಕೇಳ್ದೆ."

"ಸುಮ್ಮ ಕೇಳಾಕಿ ಅಲ್ಲ ನೀ. ಪುಟ್ಟಿ ಹೊತಗೊಂಡ್ ನಿಂತೀ ಹೌದಲ್ಲ?"

ಸಕ್ಕುಬಾಯಿ ಪುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇಕ್ಕಡಿ ತರಬ್ಯಾಡಕ್ಕಾ ನಿನಗ ಕೈ ಮುಗಿತೀನಿ. ನಾವೂ ಮಂಗಳವಾರನೇ ಪುಟ್ಟಿ ಮಾಡೀವಿ. ವಾಕಡ ಕಡಿ ಕಳಸಬೇಕಂತಿದ್ರು ಎಲ್ಲಾರು."

"ವಾಕಡದಾಗ ನಾ ಇದೀನಲ್ಲೇ."

"ಅದಕ್ಕೇ ನಾ ಬ್ಯಾಡಂದೆ. ಆಮ್ಯಾಲ ಮಗರಪಟ್ಟಾ ಕಡಿ ಒಂದ್ ಗೋಡಿ ಬಾಜೂಕ ಇಟ್ಟು ಬಂದ್ವಿ. ಯಾರೋ ಬಾಂಬ್ ಅಂತ ಪೊಲೀಸರಿಗಿ ಫೋನ್ ಮಾಡ್ಯಾರ. ಅವ್ರು ನಾಯಿ ತಂದ್ರು. ನಾಯಿ ಮೂಸಿ ಮೂಸಿ ಮೊಸರನ್ನ ತಿಂತು."

"ಮತ್ತ?"

"ಮತ್ತೇನು, ಖಣ ನೋಡಿ ಇವರು ಕರ್ನಾಟಕದವರೇ ಅಂತ ನಮ್ಮ ಶೆಡ್ಡಿಗೇ ತಂದ ಕೊಟ್ರು. ಈಗ ಶೆಡ್ಡಿನ ತಗಡಿನ ಮ್ಯಾಲ ಇಟ್ಟೀವಿ. ನೆಲಕ್ಕ ಇಡಂಗಿಲ್ಲಲ್ಲ." ಆಮೇಲೆ ಯಂಕವ್ವ ಕೇಳಿದಳು. "ಅಕ್ಕಾ, ನಿಮ್ಮಲ್ಲಿ ಯಾರಿಗಿ ಬಂದದ?"

"ಮಾಯಾಗ."

ಯಂಕವ್ವ ಶಿವಾ ಶಿವಾ ಅಂದಳು. ಅವ್ವಣ್ಣ ಫೋನು ಮಡಿಚಿ ಕಿಸೆಗೆ ಹಾಕಿಕೊಂಡ. ಕರವಸ್ತ್ರ ಮೂಸಿದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು.

"ಅಕ್ಕ, ಈಕಿ ಬಂದದ್ದು ವಿಮಾನದಾಗ ಹೌದಲ್ಲ? ಬಂದ ದಾರೀಲೇ ಕಳಸಣ. ಲೋಹಗಾಂವದಾಗ ವಿಮಾನ ಇಳಿಯೂ ಜಾಗ ಅದ. ಒಳಗ ಬರೇ ಹುಲ್ಲು, ಡಾಂಬರ. ಯಾರೂ ಇರಂಗಿಲ್ಲ."

ಇದಕ್ಕಿಂತ ಸರಿಯಾದ ಗಡಿ ಸಕ್ಕುಬಾಯಿಗೂ ತೋರಲಿಲ್ಲ.

ಬಸ್ಸಿನಲ್ಲಿ ಅವಳು ಪುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಂಡಕ್ಟರ್ ಬಂದು ಲಗೇಜಿನ ಟಿಕೀಟು ಕೇಳಿದ. ಲಗೇಜಲ್ಲ, ದೇವಿ, ಎಂದ ಅವ್ವಣ್ಣ ಮರಾಠಿಯಲ್ಲಿ. ಕಂಡಕ್ಟರ್ ಚಪ್ಪಲಿ ಬಿಟ್ಟು ಕೈ ಮುಗಿದ. ಮುಗಿದ ಮೇಲೆ ಮತ್ತೆ ಲಗೇಜಿನ ಟಿಕೀಟು ಕೇಳಿದ.

"ತೊಡೆಯ ಮೇಲೆ ಕೂತ ಮಕ್ಕಳಿಗೆ ಟಿಕೀಟು ಉಂಟಾ?" ಎಂದ ಅವ್ವಣ್ಣ.

"ಸಣ್ಣವರಿದ್ದರೆ ಇಲ್ಲ. ಇವಳಿಗೆ ಎಷ್ಟು ವಯಸ್ಸು?"

ಅವ್ವಣ್ಣ ಪತ್ರಿಕೆಯಲ್ಲಿ ಓದಿದ್ದನ್ನು ನೆನೆದು ತಿಂಗಳು ಎಣಿಸಿದ. "ಐದು ತಿಂಗಳು."

ಕಂಡಕ್ಟರ್ ಹೊಸಾಕಿಯ ಮುಖ ನೋಡಿ, ಆಗಲಿ ಎಂದು ಮುಂದೆ ಹೋದ. ಬಸ್ಸು ಹತ್ತಿದವರೆಲ್ಲ ಹೊಸಾಕಿಗೆ ನಮಸ್ಕಾರ ಮಾಡಿ ಹತ್ತಿರವೇ ನಿಂತರು. ಅವಳು ಯಾರೆಂದು ತಿಳಿದ ಮೇಲೂ ಯಾರೂ ಸರಿಯಲಿಲ್ಲ. ಪುಣೆ ಸ್ಟೇಶನ್ ಹತ್ತಿರ ಬೇವಿನ ಧೂಳು ಮೂಗಿಗೆ ಹೋಗಿ ಅವ್ವಣ್ಣ ಒಂದು ಸಲ ಸೀನಿದ. ಆಗ ಮೂರು ಸಾಲು ಖಾಲಿಯಾದವು.

ಎರಡನೆಯ ಬಸ್ಸು ಇಳಿದು, ವಿಮಾನ ನಿಲ್ದಾಣದ ಮುಂಬಾಗಿಲು ಬಿಟ್ಟು, ಉದ್ದದ ಗೋಡೆಯನ್ನು ಹಿಡಿದು ಅವರು ನಡೆದರು. ಗೋಡೆಯ ಮೇಲೆ ಮುಳ್ಳಿನ ತಂತಿ. ಒಂದು ಮೂಲೆಯಲ್ಲಿ ಹಳೆಯ ಕಬ್ಬಿಣದ ಗೇಟು ಇತ್ತು, ಅದರ ಸರಳುಗಳ ನಡುವೆ ಪುಟ್ಟಿ ನುಗ್ಗುವಷ್ಟು ಸಂದಿ. ಆಚೆ ಹುಲ್ಲು, ಹುಲ್ಲಿನ ಆಚೆ ಡಾಂಬರು. ಅವ್ವಣ್ಣ ಹೇಳಿದ ಹಾಗೇ ಒಂದು ನರಪಿಳ್ಳೆಯೂ ಇರಲಿಲ್ಲ. ಸಕ್ಕುಬಾಯಿ ಪುಟ್ಟಿಯನ್ನು ಇಳಿಸಿ ಎದೆಯ ಮಟ್ಟಕ್ಕೆ ಹಿಡಿದಳು.

"ಇಡಬ್ಯಾಡ್ರಿ," ಎಂದಿತು ಒಂದು ದನಿ. "ಇಟ್ರ ನಾ ರಿಪೋರ್ಟ್ ಬರೀಬೇಕಾಗ್ತದ."

ಗೇಟಿನ ಪಕ್ಕದ ಗೋಡೆಯ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಕಾವಲುಗಾರ ಕೂತಿದ್ದ. ಒಂದರ ಮೇಲೊಂದು ಎರಡು ಮಾಸ್ಕು ಕಟ್ಟಿದ್ದ. ಕೈಯಲ್ಲಿ ಲಾಠಿ. ಹೆಸರು ರಾಮಲಿಂಗಪ್ಪ, ಅಕ್ಕಲಕೋಟೆಯ ಕಡೆಯವನು.

"ಇಲ್ಲೂ ಕನ್ನಡದವರೇ," ಎಂದ ಅವ್ವಣ್ಣ ಬೇಸರದಿಂದ.

ಸಕ್ಕುಬಾಯಿ ಎಲ್ಲವನ್ನೂ ಹೇಳಿದಳು, ಮೊಮ್ಮಗಳ ಮೂಗಿನ ಪೈಪಿನವರೆಗೆ. ರಾಮಲಿಂಗಪ್ಪ ಎದ್ದು ನಿಂತು ಕೇಳಿದ. ಅವನ ಕಡೆಯೂ ಈ ಪದ್ಧತಿ ಇತ್ತು. ಕುರ್ಚಿಯನ್ನು ಮುಂದೆ ಸರಿಸಿದ. ಅವಳು ಕೂತಳು, ಹೊಸಾಕಿಯನ್ನು ತೊಡೆಯ ಮೇಲಿಟ್ಟುಕೊಂಡು.

"ಇಲ್ಲಿಂದ ವಿಮಾನ ಎಲ್ಲಿಗಿ ಹೋಗ್ತಾವ್ರಿ?"

"ದಿಲ್ಲಿಗಿ ಹೋಗ್ತಾವ. ದುಬೈಕ ಹೋಗ್ತಾವ."

"ಅಲ್ಲಿಗಿ ಕಳಸಿದ್ರ ಹ್ಯಾಂಗ?"

"ದುಬೈದಾಗ ನಮ್ಮ ತಂಗಿ ಅದಾಳ್ರಿ. ಶೈಲಾ ಅಂತ. ಆಕಿಗಿ ಎರಡು ಕೂಸು." ಅವನು ತಪ್ಪು ಮಾತಾಡಿದವನಂತೆ ಮಾಸ್ಕು ಸರಿಮಾಡಿಕೊಂಡ. "ಮತ್ತ ಈಕಿ ಅಲ್ಲೂ ಹೋಗಿ ಬಂದಾಳ್ರಿ. ಪೇಪರ್‌ದಾಗ ಅದ. ನೂರೈವತ್ತರ ಮ್ಯಾಲ ದೇಶ ತಿರಗ್ಯಾಳ."

"ನೂರೈವತ್ತು?"

"ಮ್ಯಾಲ."

"ಇನ್ನಾ ಹೋಗದ ದೇಶ ಯಾವ್ದದ?"

ಅವ್ವಣ್ಣ ಯೋಚಿಸಿ, ಸಮುದ್ರ ಉಳಿದಿರಬಹುದು ಎಂದ.

ಆಗ ಒಂದು ವಿಮಾನ ಎದ್ದಿತು. ಗೋಡೆಯ ಮೇಲಿನ ತಂತಿ ನಡುಗಿತು, ಪುಟ್ಟಿಯ ಬೇವಿನ ಎಲೆಗಳು ಹಾರಿದವು. ಸಕ್ಕುಬಾಯಿ ಹೊಸಾಕಿಯ ಖಣವನ್ನು ಹಿಡಿದುಕೊಂಡಳು. ಸದ್ದು ಹೋದ ಮೇಲೂ ಕೈ ತೆಗೆಯಲಿಲ್ಲ. ತನ್ನ ಅಜ್ಜಿ ಮೂಡಣದ ಗಡಿಯಲ್ಲಿ ಪುಟ್ಟಿ ಇಟ್ಟು ಬಂದ ಸಂಜೆ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡಿದ್ದರು. ಆ ಮೂಡಣದ ಊರಿನಲ್ಲೂ ಎಂಟು ವರ್ಷದ ಹುಡುಗಿಯರು ಇದ್ದಿರಬೇಕು. ಅದು ಅಂದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ಹೇಳಲಿಲ್ಲ.

"ಅವ್ವಣ್ಣ," ಎಂದಳು. "ಈಕಿ ತವರುಮನಿ ಯಾವುದು?"

"ಮೆಕ್ಸಿಕೊ ಅಂತಾರ. ಅಲ್ಲಿಯವ್ರು ನಮ್ದಲ್ಲ ಅಂತಾರ."

"ಹೌದಾ." ಅವಳು ಹೊಸಾಕಿಯ ಕಾಡಿಗೆಯ ಕಣ್ಣು ನೋಡಿದಳು. "ಅವ್ರೂ ನಮ್ದಲ್ಲ ಅಂದ್ರು. ಮುಂದಿನವ್ರೂ ಅಂದ್ರು. ನೂರೈವತ್ತು ಊರು ತಿರಗಿದ್ರೂ ಬಾ, ಕೂಡು ಅಂದವ್ರು ಒಬ್ರಿಲ್ಲ. ನಿಂತಲ್ಲಿ ನಿಲ್ಲಗೊಡ್ಲಿಲ್ಲ ಅಂದ್ರ ಆಕಿ ತಿರಗದ ಏನ್ ಮಾಡ್ತಾಳ?"

"ಅಂದ್ರ?"

"ಕುಂದರಸ್ತೀನಿ."

"ಎಲ್ಲಿ?"

"ನಮ್ಮನ್ಯಾಗ."

ಅವ್ವಣ್ಣ ನೀಲಗಿರಿ ಎಣ್ಣೆಯನ್ನು ದೀರ್ಘವಾಗಿ ಮೂಸಿದ. "ಅಕ್ಕ, ಮಾಯಾನ ಸಂಬಂಧ ಕಳಸಾಕ ಬಂದೀವಿ. ಇಟಗೊಂಡ್ರ ಕೂಸಿಗಿ ಏನಾರ ಆದ್ರ?"

ಅದನ್ನೇ ಅವಳೂ ಯೋಚಿಸುತ್ತಿದ್ದಳು. ಅದಕ್ಕೆ ಅವನಿಗೆ ಉತ್ತರ ಕೊಡದೆ ಹೊಸಾಕಿಗೇ ಹೇಳಿದಳು, ಎದುರು ಮನೆಯವಳೊಂದಿಗೆ ವ್ಯವಹಾರ ಮಾತಾಡುವ ಹಾಗೆ. "ಹತ್ತು ಮನಿ ತಿರಗೂದು ಬಿಡು. ನಿನಗ ಉಣ್ಣಾಕ ನಾ ಇಡ್ತೀನಿ, ಹಾಸಾಕ ನಾ ಕೊಡ್ತೀನಿ. ಆ ಕೂಸಿನ ಎದಿ ಮ್ಯಾಲಿಂದ ಎದ್ದು ಬಾ. ನನ್ನ ಹತ್ತರ ಕೂಡು."

ರಾಮಲಿಂಗಪ್ಪ, ರಿಪೋರ್ಟ್ ಬರೆಯುವುದು ತಪ್ಪಿತೆಂದು, ಕುಡಿಯಲು ನೀರು ಕೊಟ್ಟ. ಉಪವಾಸವೆಂದು ಅವಳು ಮುಟ್ಟಲಿಲ್ಲ.

ಮರಳುವ ಬಸ್ಸಿನಲ್ಲಿ ಅವಳಿಗೆ ಮೈ ಕೈ ಹಿಡಿದುಕೊಂಡಿತು, ಕಣ್ಣು ಉರಿಯಿತು. ಬಿಸಿಲಿಗೆ ಹಾಗಾ​ಗಿರಬೇಕು ಎಂದ ಅವ್ವಣ್ಣ. ಆ ದಿನ ಬೆಳಿಗ್ಗೆಯಿಂದ ಬಿಸಿಲು ಬಿದ್ದಿರಲಿಲ್ಲ.

ಕಳಿಸುವುದಕ್ಕೆ ಹಿರಿಯರು ಮಾಡಿದ ನಿಯಮ ಬೇಕಾದಷ್ಟಿದ್ದವು. ಇರಿಸಿಕೊಳ್ಳುವುದಕ್ಕೆ ಒಂದೂ ಇರಲಿಲ್ಲ, ಏಕೆಂದರೆ ಯಾರೂ ಇರಿಸಿಕೊಂಡಿರಲಿಲ್ಲ. ಸಕ್ಕುಬಾಯಿ ತಾನೇ ಮಾಡಿದಳು. ಹೊಸಾಕಿಯನ್ನು ಹಿಟ್ಟಿನ ಡಬ್ಬಿಯ ಮೇಲೆ ಕೂರಿಸಿದಳು. ಬಾಗಿಲಿಗೆ ಬೇವು ಕಟ್ಟಿದಳು. ಅವ್ವ ಕೂತಿರುವಷ್ಟು ದಿನ, ಮುಂದಿನ ಶುಕ್ರವಾರದವರೆಗೆ, ಒಳಗೆ ಯಾರೂ ಬರಬಾರದು, ತಾನು ಹೊರಗೆ ಹೋಗಬಾರದು. ಊಟವನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟು ಹೋಗಬೇಕು. ತನ್ನ ತಟ್ಟೆ ತನಗೇ. ಅವ್ವ ಎದುರಿಗಿರುವಾಗ ಬಾಯಿ ಬಿಚ್ಚಬಾರದಲ್ಲ, ಬಟ್ಟೆಯನ್ನು ಹಾಗೇ ಬಿಟ್ಟಳು.

ಸಂಜೆ ಭೀಮು ಬಂದು ತಗಡಿನ ಬಾಗಿಲು ಬಡಿದ.

"ಯವ್ವಾ, ತೆಗಿ."

"ಇಲ್ಲ. ಅವ್ವ ಕುಂತಾಳ. ನೀ ಅವ್ವಣ್ಣನಲ್ಲಿ ಮಲಗು. ಕೂಸು?"

"ಹಂಗೇ ಅದಾಳ."

"ನೋಡಣ," ಎಂದಳು ಸಕ್ಕುಬಾಯಿ.

ಶನಿವಾರ ಕುಶಲ ಮತ್ತೆ ಬಂದ. ಸಾಲಿನಲ್ಲಿ ಮುಚ್ಚಿದ ಬಾಗಿಲು ಇದೊಂದೇ. ಒಳಗಿನಿಂದ ಕೆಮ್ಮು ಕೇಳಿ ಅವನು ಫಾರ್ಮು ತೆಗೆದ.

"ಮಾವಶಿ, ನಿನ್ನೆ ಯಾರನ್ನು ಭೇಟಿ ಆಗಿದ್ದಿರಿ?"

ಸಕ್ಕುಬಾಯಿ ಒಳಗಿನಿಂದ ಹೇಳುತ್ತ ಹೋದಳು: ಅವ್ವಣ್ಣ, ಬಡಿಗ, ನೋಡಲು ಬಂದವರು, ಎರಡು ಬಸ್ಸಿನ ಮಂದಿ, ಬರುವಾಗ ಮತ್ತೆರಡು, ವಿಮಾನದ ಗೇಟಿನವನು. ಫಾರ್ಮಿನಲ್ಲಿ ಐದು ಗೆರೆ ಇದ್ದವು. ಕುಶಲ ಪೆನ್ನು ನಿಲ್ಲಿಸಿದ.

"ಹತ್ತಿರದಿಂದ ಮಾತಾಡಿದಿರಾ? ಕೆಮ್ಮಿದಿರಾ?"

"ಬಾಯಿ ಕಟ್ಟಿದ್ದೆ. ಅವ್ವನ ಮೇಲೆ ಉಸಿರು ಬೀಳಬಾರದಲ್ಲ."

"ಇಡೀ ದಿನವಾ?"

"ಈಗಲೂ ಕಟ್ಟಿದ್ದೇನೆ. ಎದುರಿಗೇ ಕೂತಿದ್ದಾಳೆ."

ಕುಶಲ ಬಾಗಿಲ ಬೇವನ್ನೂ, ಕಲ್ಲಿನ ಮೇಲಿನ ತಟ್ಟೆಯನ್ನೂ ನೋಡಿದ. ಹನ್ನೊಂದು ದಿನದಿಂದ ಅವನು ವಾಕಡದ ಮನೆಮನೆಗೆ ಹೋಗಿ, ದೊಡ್ಡ ಸೊಸೈಟಿಯ ಹದಿನಾಲ್ಕನೆಯ ಮಜಲಿನವರಿಗೂ ಏನನ್ನು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದನೋ ಅದನ್ನು ಇಲ್ಲಿ ಯಾರೋ ಅವನನ್ನು ಕೇಳದೆ ಮಾಡಿ ಮುಗಿಸಿದ್ದರು. ಅವನು ಫಾರ್ಮಿನ ಕೆಳಗೆ 'ಸಹಕಾರ ಉತ್ತಮ' ಎಂದು ಬರೆದ. ಮಾತ್ರೆಗಳನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ, ಉಸಿರು ಸಿಕ್ಕಿಕೊಂಡರೆ ತಗಡು ಬಡಿಯಬೇಕು, ಕೂಡಲೇ ಗಾಡಿ ಬರುತ್ತದೆ ಎಂದು ಎರಡು ಸಲ ಹೇಳಿದ. ಸಕ್ಕುಬಾಯಿ ಮಾತ್ರೆಯನ್ನು ಮೊದಲು ಹೊಸಾಕಿಗೆ ತೋರಿಸಿ ಆಮೇಲೆ ನುಂಗಿದಳು. ಮನೆಗೆ ಬಂದವರ ಎದುರು ಒಬ್ಬಳೇ ಏನನ್ನೂ ಬಾಯಿಗೆ ಹಾಕಿಕೊಳ್ಳುವ ರೂಢಿ ಇರಲಿಲ್ಲ.

ಭಾನುವಾರ ಕಲ್ಲಿನ ಮೇಲಿನ ಗಂಜಿ ಹಾಗೇ ತಣ್ಣಗಾಯಿತು. ಒಳಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಎದೆಯ ಮೇಲೆ ಸಿಮೆಂಟಿನ ಚೀಲ ಹೇರಿದಂತೆ ಆಗುತ್ತಿತ್ತು. ಎದುರಿಗೆ ಹೊಸಾಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಆ ದಿನ ಕಳೆಯಿತು. ತಗಡಿನ ಮೇಲೆ ಮಳೆ ಬಿತ್ತು, ನಿಂತಿತು, ಮತ್ತೆ ಬಿತ್ತು. ಇಷ್ಟು ದಿನದಲ್ಲಿ ತನಗೆ ಹೆದರಿಕೆ ಆಗಿಲ್ಲವಲ್ಲ ಎಂದು ಸಕ್ಕುಬಾಯಿಗೆ ಸೋಜಿಗವಾಯಿತು. ಜ್ವರ ಏರಿದಾಗ ಅದನ್ನು ಅವಳು ಲೆಕ್ಕ ಹಾಕಿ ನೋಡಿದಳು: ಇಲ್ಲಿ ಹೆಚ್ಚಾದಷ್ಟು ಅಲ್ಲಿ ಕಡಿಮೆಯಾಗಬೇಕು. ಹಾಗಾಗಿ ಸ್ವಲ್ಪ ಸಮಾಧಾನವೇ ಆಯಿತು. ಶಿವನ ಹೆಸರು ಹೇಳಿದಳು. ಹೊಸಾಕಿಗೂ ಒಂದು ಸಲ, ಕಾಲು ಚಾಚಿ ಆರಾಮಾಗಿ ಕೂಡು ಎಂದಳು.

ಅವ್ವಣ್ಣ ಬಂದು ತಗಡು ಬಡಿದ. "ಅಕ್ಕ, ಅದೀಯಾ?"

"ಅದೀವಿ," ಎಂಬ ಉತ್ತರ ಬಂತು. ಬಹುವಚನ ಕೇಳಿ ಅವ್ವಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಂದಲೇ ಹೇಳಿದ, "ಭೀಮು ಫೋನ್ ಮಾಡಿದ್ದ. ಕೂಸಿನ ಪೈಪ್ ತೆಗದಾರಂತ. ಬಿಸ್ಕೀಟ್ ಬೇಡ್ಯಾಳಂತ."

ಒಂದು ಗಳಿಗೆಯ ನಂತರ ಬಾಗಿಲ ಸಂದಿಯಿಂದ ಕೈಯೊಂದು ಬಂದು ಗಂಜಿಯ ತಟ್ಟೆಯನ್ನು ಒಳಗೆ ಎಳೆದುಕೊಂಡಿತು.

ಮಂಗಳವಾರ ಮಧ್ಯಾಹ್ನ ಮಾಯಾಳನ್ನು ಮನೆಗೆ ಕಳಿಸಿದರು. ಶಿವಕಾಂತಾ ಅವಳನ್ನು ಸೊಂಟದ ಮೇಲಿಂದ ಇಳಿಸಿ, ಬಾಗಿಲ ಹತ್ತಿರ ಹೋಗಬೇಡ ಎಂದು ಹೇಳಿ, ಅವ್ವಣ್ಣನ ಮನೆಗೆ ನೀರು ಕಾಯಿಸಲು ಹೋದಳು. ಮಾಯಾ ನೆಟ್ಟಗೆ ಬಾಗಿಲ ಹತ್ತಿರ ಹೋದಳು. ಕಾಲು ಕಡ್ಡಿಯಂತಾಗಿದ್ದವು.

"ಆಯಿ," ಎಂದಳು. ಅಜ್ಜಿಯನ್ನು ಅವಳು ಹಾಗೆ ಕರೆಯುವುದು. "ಬಾಗ್ಲ ತೆಗಿ."

"ಶುಕ್ರವಾರ ತೆಗಿತೀನಿ ತಂಗಿ. ಅಲ್ಲೇ ಕಲ್ಲ ಮ್ಯಾಲ ಕೂಡು."

"ಒಳಗ ಯಾರದಾರ?"

"ಒಬ್ಬಾಕಿ ಬಂದಾಳ."

"ಯಾವಾಗ ಹೋಗ್ತಾಳ?"

"ಕೇಳಿಲ್ಲ. ಮನಿಗಿ ಬಂದವ್ರಿಗಿ ಹಂಗ ಕೇಳಬಾರದು."

ಮಾಯಾ ಇದನ್ನು ವಿಚಾರ ಮಾಡಿದಳು. "ನಾ ಬಂದ್ರ ಬೈತಾಳೇನ?"

"ಇಲ್ಲ. ನಿಂದು ಆಕಿಂದು ಗುರುತದ. ಇನ್ನ ನಿನಗ ಏನೂ ಅನ್ನಂಗಿಲ್ಲ. ಖರೆ ಉಳದವ್ರ ಗುರುತಿಲ್ಲ ಆಕಿಗಿ, ಅದಕ್ಕೇ ಬಾಗ್ಲ ಹಾಕೀನಿ."

ಮಾಯಾ ಕಲ್ಲಿನ ಮೇಲೆ ಕೂತಳು. ಆಸ್ಪತ್ರೆಯಲ್ಲಿ ನೋಡಿದ್ದೆಲ್ಲ ಅವಳ ಬಾಯಲ್ಲಿ ತುಂಬಿಕೊಂಡಿತ್ತು. ಆರು ದಿನದಿಂದ ಯಾರೂ ಕೇಳಿರಲಿಲ್ಲ. ತಗಡಿಗೆ ಬಾಯಿ ಹತ್ತಿರ ತಂದು ಶುರು ಮಾಡಿದಳು.

"ಒಂದ್ ದೊಡ್ಡ ಖೋಲಿ ಇತ್ತು. ಅಲ್ಲಿ ಎಲ್ಲಾರೂ ಮಾರಿ ಮುಚಗೊಂಡಿದ್ರು, ಕಣ್ ಅಷ್ಟೇ ಇದ್ವು." ನಿಂತಳು. "ಆಯಿ, ಹ್ಞೂಂ ಅನ್ನು. ಇಲ್ಲಾಂದ್ರ ಹೇಳಂಗಿಲ್ಲ."

ಒಳಗೆ ಕೆಮ್ಮು ಬಂತು, ಹೋಯಿತು.

"ಹ್ಞೂಂ," ಎಂದಳು ಸಕ್ಕುಬಾಯಿ.